ಗಾಂಜಾ, ಮಾತ್ರೆ, ಹುಚ್ಚು: ‘ಕಾರಣ’ ಎಂಬ ಕಾಲಂನ ಕಥೆ

ಮಾರತ್ತಹಳ್ಳಿ ಸುತ್ತಮುತ್ತ ಕೆಲಸ ಮಾಡುವ ನಮ್ಮಂಥವರ ನಡುವೆ ಕೆಲವು ಜಗಳಗಳು ಎಂದೂ ಮುಗಿಯುವುದಿಲ್ಲ. ಬಾಡಿಗೆ ಮನೆಯೋ ಸಾಲದ ಫ್ಲಾಟೋ, ವಿಂಡೋಸೋ ಲಿನಕ್ಸೋ... ಇವುಗಳ ಸಾಲಿಗೆ ಸೇರಿಕೊಂಡ ಇನ್ನೊಂದು ಜಗಳ ಇದೆ. ಮಧ್ಯಾಹ್ನದ ಊಟಕ್ಕೆ ಕೂತ ನಾಲ್ಕು ಜನರಲ್ಲಿ ಒಬ್ಬ ಹೇಳುತ್ತಾನೆ, “ಗಾಂಜಾ ಗಿಡ ಕಣೋ, ದೇವರು ಕೊಟ್ಟಿದ್ದು. ಮನೋವೈದ್ಯರು ಕೊಡೋ ಮಾತ್ರೆಗಳೇ ನಿಜವಾದ ವಿಷ, ಕಂಪನಿಗಳ ವ್ಯಾಪಾರ.” ಇನ್ನೊಬ್ಬ, “ಗಾಂಜಾ ಸೇದಿದೋರೆಲ್ಲ ಕಡೆಗೆ ನಿಮ್ಹಾನ್ಸ್ ಸೇರ್ತಾರೆ, ಮಾತ್ರೆ ನುಂಗಿದ್ರೆ ಸರಿ ಹೋಗ್ತಾರೆ” ಅನ್ನುತ್ತಾನೆ. ಮೂರನೆಯವನು ಸ್ವಲ್ಪ ಪುಸ್ತಕ ಓದಿದವನು. “ಮಾನಸಿಕ ಕಾಯಿಲೆ ಅನ್ನೋದೇ ಇಲ್ಲ, ಸಮಾಜಕ್ಕೆ ಹೊಂದದವರಿಗೆ ಅಂಟಿಸೋ ಲೇಬಲ್ ಅದು” ಅಂತ ಅವನ ವಾದ. ನಾಲ್ಕನೆಯವನು ಮೊಸರನ್ನ ಕಲಸುತ್ತಿರುತ್ತಾನೆ. ಅದು ನಾನು :)

ಈ ಮೂರು ಮಾತುಗಳೂ ಇವತ್ತು ಹುಟ್ಟಿದವಲ್ಲ. ಇವುಗಳಿಗೆ ನೂರು-ನೂರೈವತ್ತು ವರ್ಷಗಳ ಇತಿಹಾಸ ಇದೆ. ಆ ಇತಿಹಾಸದ ಒಂದು ದೊಡ್ಡ ಪಾಲು ನಡೆದಿರುವುದು ನಮ್ಮ ನಾಡಿನಲ್ಲೇ; ಅದರಲ್ಲೂ ಸಿಲ್ಕ್ ಬೋರ್ಡ್ ಜಾಮ್ ದಾಟಿ ಡೈರಿ ಸರ್ಕಲ್ ಹತ್ತಿರ ಸಿಗುವ ಆ ಹಳೆಯ ಕಲ್ಲಿನ ಕಟ್ಟಡಗಳ ಆವರಣದಲ್ಲಿ. ಅದನ್ನೇ ಇಲ್ಲಿ ಒಂದು ಕಡೆ ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದವಾಗುತ್ತೆ, ಕಾಫಿ ತಂದುಕೊಂಡು ಕೂತರೆ ಒಳ್ಳೆಯದು.

ಮೊದಲು ಗಾಂಜಾ. ಆಧುನಿಕ ಪಾಶ್ಚಾತ್ಯ ವೈದ್ಯಕ್ಕೆ ಗಾಂಜಾವನ್ನು ಸರಿಯಾಗಿ ಪರಿಚಯಿಸಿದವನು ಕಲ್ಕತ್ತದಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಒ'ಶಾಗ್ನೆಸಿ. 1839ರಲ್ಲಿ ಅವನು ಧನುರ್ವಾಯು, ಸಂಧಿವಾತ, ಕಾಲರಾ ರೋಗಿಗಳ ಮೇಲೆ ಗಾಂಜಾದ ಸಾರವನ್ನು ಪ್ರಯೋಗಿಸಿ ವರದಿ ಬರೆದ. ನೋವು ಮತ್ತು ಸೆಳೆತ ತಗ್ಗಿಸುವ ಔಷಧಿಯಾಗಿ ಅದು ಇಂಗ್ಲೆಂಡಿನ ಔಷಧದಂಗಡಿ ಸೇರಿತು. ಅದೇ ಹೊತ್ತಿಗೆ ಫ್ರಾನ್ಸಿನ ಮನೋವೈದ್ಯ ಮೋರೋ ದ ತೂರ್ ಬೇರೆ ದಾರಿ ಹಿಡಿದ. ಹಶೀಶನ್ನು ತಾನೇ ತಿಂದು, ತನ್ನ ಮನಸ್ಸಿನಲ್ಲಿ ಆದದ್ದನ್ನೆಲ್ಲ ಬರೆದಿಟ್ಟು, 1845ರಲ್ಲಿ ಪುಸ್ತಕ ಮಾಡಿದ. ಹುಚ್ಚು ಹಿಡಿದವನ ಒಳಗೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ವೈದ್ಯ ಸ್ವಲ್ಪ ಹೊತ್ತು ತಾನೇ ಹುಚ್ಚನಾಗಿ ನೋಡಬೇಕು ಅನ್ನುವುದು ಅವನ ಲೆಕ್ಕ. ನೋಡಿ, ಒಂದೇ ಗಿಡ. ಆರೇಳು ವರ್ಷಗಳ ಅಂತರದಲ್ಲಿ ಒಬ್ಬನಿಗೆ ಅದು ಔಷಧಿ, ಇನ್ನೊಬ್ಬನಿಗೆ ಹುಚ್ಚಿನ ಮಾದರಿ. ನಮ್ಮ ಊಟದ ಮೇಜಿನ ಜಗಳ ಅಲ್ಲಿಂದಲೇ ಶುರು.

ಬೆಂಗಳೂರಿನಲ್ಲಿ 1840ರ ದಶಕದ ಕೊನೆಯಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬಾತನ ಉಸ್ತುವಾರಿಯಲ್ಲಿ ‘ಲ್ಯೂನಾಟಿಕ್ ಅಸೈಲಂ’ ಶುರುವಾಯಿತು. ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. ಇಂಥವು ಆಗ ದೇಶದ ಹಲವು ಕಡೆ ಇದ್ದವು. ಪ್ರತಿ ಅಸೈಲಂನಲ್ಲೂ ಒಂದು ರಿಜಿಸ್ಟರ್. ಅದರಲ್ಲಿ ಹೆಸರು, ಜಾತಿ, ವಯಸ್ಸು, ಕಸುಬು, ಕೊನೆಗೆ ಒಂದು ಕಾಲಂ: ಹುಚ್ಚಿಗೆ ಕಾರಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಡೀ ದೇಶದ ಈ ರಿಜಿಸ್ಟರ್‌ಗಳ ವಾರ್ಷಿಕ ಲೆಕ್ಕ ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತಿತ್ತು. ‘ಕಾರಣ’ದ ಕಾಲಂನಲ್ಲಿ ಎಲ್ಲಿ ನೋಡಿದರೂ ಗಾಂಜಾ, ಭಂಗಿ, ಚರಸ್! ಇಂಡಿಯಾದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿ ತುಳುಕುತ್ತಿವೆ ಎಂಬ ಮಾತು ಲಂಡನ್ನಿನ ತನಕ ಹೋಯಿತು. 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದು, ಅದರ ಫಲವಾಗಿ ‘ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್’ ನೇಮಕವಾಯಿತು. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರು. ಒಟ್ಟು 1,193 ಸಾಕ್ಷಿಗಳ ಹೇಳಿಕೆ ಪಡೆದು, 1894ರಲ್ಲಿ ಹಲವು ಸಂಪುಟಗಳ ವರದಿ ಕೊಟ್ಟರು.

ಈ ಕಮಿಷನ್ ಮಾಡಿದ ಒಂದು ಕೆಲಸ ನನಗೆ, ಒಬ್ಬ ಸಾಫ್ಟ್‌ವೇರ್ ಇಂಜಿನಿಯರನಾಗಿ, ಬಹಳ ಇಷ್ಟ. ಅವರು ಲೆಕ್ಕದ ಮೊತ್ತವನ್ನು ನಂಬಲಿಲ್ಲ. 1892ರಲ್ಲಿ ಅಸೈಲಂಗಳಿಗೆ ಸೇರಿದವರ ಪೈಕಿ ಗಾಂಜಾ-ಭಂಗಿಯ ಹೆಸರಿನಲ್ಲಿ ಬರೆದುಕೊಂಡಿದ್ದ 222 ಪ್ರಕರಣಗಳ ಕಾಗದ ತರಿಸಿ ಒಂದೊಂದನ್ನೇ ಬಿಡಿಸಿ ನೋಡಿದರು. ಕಡೆಗೆ ಗಾಂಜಾಕ್ಕೂ ಹುಚ್ಚಿಗೂ ಸಂಬಂಧ ಇರಬಹುದು ಎಂದು ಒಪ್ಪಲು ಸಾಧ್ಯವಾದದ್ದು 98 ಮಾತ್ರ. ಉಳಿದವು ಹೇಗೆ ಬಂದವು? ಆ ಕಾಲಂ ತುಂಬುತ್ತಿದ್ದದ್ದು ವೈದ್ಯನಲ್ಲ, ಪೊಲೀಸಿನವನು. ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ತಂದಾಗ ಕಾರಣ ಏನೆಂದು ಯಾರಿಗೆ ಗೊತ್ತು? ಕಾಲಂ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಅವನು ಗಾಂಜಾ ಸೇದುತ್ತಿದ್ದ ಅಂತ ಯಾರೋ ಹೇಳಿದರೆ ಸಾಕು, ಅಥವಾ ನೋಡಲು ಬೈರಾಗಿಯ ಹಾಗಿದ್ದರೂ ಸಾಕು, ‘ಗಾಂಜಾ’ ಅಂತ ಬರೆದು ಮುಗಿಸುವುದು. ಆ ಕಾಗದ ಮ್ಯಾಜಿಸ್ಟ್ರೇಟರ ಕೈ ದಾಟಿ ಅಸೈಲಂಗೆ ಬಂದಾಗ ಅಲ್ಲಿನ ಸೂಪರಿಂಟೆಂಡೆಂಟ್ ಅದನ್ನೇ ನಕಲು ಮಾಡಿಕೊಳ್ಳುವುದು. ವರ್ಷದ ಕೊನೆಗೆ ಎಲ್ಲ ಕೂಡಿಸಿದರೆ, ಸರ್ಕಾರಿ ಅಂಕಿ-ಅಂಶ ಸಿದ್ಧ!

ನಮ್ಮ ಬಗ್ ಟ್ರ್ಯಾಕರ್‌ನಲ್ಲಿ ‘ರೂಟ್ ಕಾಸ್’ ಅನ್ನೋ ಫೀಲ್ಡ್ ಕಡ್ಡಾಯ ಮಾಡಿಟ್ಟಿರುತ್ತಾರೆ. ಬಗ್ ಮುಚ್ಚಬೇಕು, ಕಾರಣ ಗೊತ್ತಿಲ್ಲ. ಡ್ರಾಪ್‌ಡೌನ್‌ನಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿ ಮುಂದೆ ಹೋಗುತ್ತೇವೆ. ಮೂರು ತಿಂಗಳ ನಂತರ ಮ್ಯಾನೇಜರು ಅದರದ್ದೇ ಪೈ ಚಾರ್ಟ್ ಮಾಡಿ, “ನಮ್ಮ ಶೇ. 40 ಬಗ್‌ಗಳಿಗೆ ಕಾರಣ ಕಾನ್ಫಿಗರೇಶನ್” ಅಂತ ಸ್ಲೈಡ್ ತೋರಿಸುತ್ತಾರೆ. 1892ರ ಕಥೆಯೂ ಇಷ್ಟೇ.

ಹಾಗಂತ ಕಮಿಷನ್ ಗಾಂಜಾಕ್ಕೆ ಹಾಲಿನ ಅಭಿಷೇಕ ಮಾಡಲಿಲ್ಲ. ಇವತ್ತು ಗಾಂಜಾ ಪರ ಮಾತಾಡುವವರು ಈ ವರದಿಯ ಅರ್ಧವನ್ನಷ್ಟೇ ಹೇಳುತ್ತಾರೆ. ಮಿತವಾಗಿ ಬಳಸುವವರ ಮನಸ್ಸಿಗೆ ಹಾನಿ ಇಲ್ಲ ಎಂದ ವರದಿಯೇ, ಅತಿಯಾದ ಬಳಕೆ ಮನಸ್ಸಿನ ಅಸ್ಥಿರತೆಯನ್ನು ತೋರಿಸುತ್ತದೆ, ಜತೆಗೆ ಹೆಚ್ಚೂ ಮಾಡುತ್ತದೆ ಎಂದಿತು. ‘ತೋರಿಸುತ್ತದೆ’ ಮತ್ತು ‘ಹೆಚ್ಚು ಮಾಡುತ್ತದೆ’. ಈ ಎರಡು ಕ್ರಿಯಾಪದಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ವರದಿ ಬಂದರೂ ಜಗತ್ತು ಅದನ್ನು ಬೇಗ ಮರೆತಿತು. 1925ರ ಜಿನೀವಾ ಒಪ್ಪಂದದ ಚರ್ಚೆಯಲ್ಲಿ ಈಜಿಪ್ಟಿನ ಪ್ರತಿನಿಧಿ ಎಲ್ ಗಿಂದಿ ಎದ್ದು ನಿಂತು, ತಮ್ಮ ದೇಶದ ಹುಚ್ಚಿನ ಪ್ರಕರಣಗಳಲ್ಲಿ ಶೇ. 30ರಿಂದ 60 ಹಶೀಶಿನಿಂದಲೇ ಎಂದರು. ಮತ್ತೆ ಅದೇ ಕಾಲಂ! ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಗಾಂಜಾ ಸೇರಿತು. 1961ರ ವಿಶ್ವಸಂಸ್ಥೆ ಒಪ್ಪಂದ ಅದನ್ನು ಇನ್ನಷ್ಟು ಬಿಗಿ ಮಾಡಿತು. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರಲ್ಲಿ ಹೂವು-ಕಾಯಿಯ ತುದಿ ಅಂದರೆ ಗಾಂಜಾ, ಅಂಟು ಅಂದರೆ ಚರಸ್, ಎರಡೂ ನಿಷಿದ್ಧ. ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು 29 ಕೆ.ಜಿ. ಭಂಗಿ ಮತ್ತು 400 ಗ್ರಾಂ ಗಾಂಜಾ ಹಿಡಿದ ಪ್ರಕರಣದಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂದು ಹೇಳಿ ಆರೋಪಿಗೆ ಜಾಮೀನು ಕೊಟ್ಟರು. ಒಂದೇ ಗಿಡದ ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ.

ಅತ್ತ ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆ ಎಂದು 2020ರಲ್ಲಿ ಪತ್ರಿಕೆಗಳು ಬರೆದವು. ಉತ್ತರ ಕರ್ನಾಟಕದ ಆರೂಢ, ಅವಧೂತ ಪರಂಪರೆಯ ಕೆಲವರಲ್ಲಿ ಧ್ಯಾನಕ್ಕೆಂದು ಅದನ್ನು ಸೇದುವ ರೂಢಿ ಇದೆ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ, ಹಿರಿಯರ ಕಣ್ಣೆದುರು, ದೇವರ ಹೆಸರಲ್ಲಿ ಒಂದು ಚಿಟಿಕೆ. ಅದನ್ನೂ, ಪಿಜಿಯ ಕೋಣೆಯಲ್ಲಿ ಹತ್ತೊಂಬತ್ತರ ಹುಡುಗ ದಿನಕ್ಕೆ ನಾಲ್ಕು ಸಲ ಸೇದುವುದನ್ನೂ ಒಂದೇ ಪದದಿಂದ ಕರೆಯುತ್ತೇವೆ. ಅಲ್ಲೇ ಅರ್ಧ ಗೊಂದಲ.

* * *

ಈಗ ಮಾತ್ರೆಯ ಕಥೆ. ಮಾತ್ರೆಗಳನ್ನು ಬಯ್ಯುವ ಮೊದಲು ಮಾತ್ರೆ ಇಲ್ಲದ ಕಾಲ ಹೇಗಿತ್ತು ನೋಡಬೇಕು.

ಬೆಂಗಳೂರಿನ ಅಸೈಲಂ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಆಯಿತು. ಡಾ. ಫ್ರಾಂಕ್ ನರೋನ್ಹಾ ಅವರ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಹೋಗುವ ಯೋಜನೆ ಬೆಳೆದು, 1930ರ ದಶಕದಲ್ಲಿ ಹೊಸ ಕಟ್ಟಡಗಳು ಎದ್ದವು. ಅವರ ನಂತರ ಬಂದವರು ಡಾ. ಎಂ.ವಿ. ಗೋವಿಂದಸ್ವಾಮಿ. ಮನಶ್ಶಾಸ್ತ್ರ, ತತ್ವಶಾಸ್ತ್ರ ಎರಡನ್ನೂ ಓದಿಕೊಂಡಿದ್ದ ವೈದ್ಯರು. ಅವರ ಕಾಲದ ಚಿಕಿತ್ಸೆಗಳು ಯಾವುವು? ಕಾರ್ಡಿಯಜೋಲ್ ಚುಚ್ಚಿ ಫಿಟ್ಸ್ ಬರಿಸುವುದು, ಇನ್ಸುಲಿನ್ ಕೊಟ್ಟು ಕೋಮಾಕ್ಕೆ ಇಳಿಸಿ ಮೇಲೆತ್ತುವುದು, ಆಮೇಲೆ ಕರೆಂಟ್ ಚಿಕಿತ್ಸೆ. ಕೊನೆಗೆ ಮಿದುಳಿನ ಮುಂಭಾಗದ ಎಳೆಗಳನ್ನೇ ಕತ್ತರಿಸುವ ಲ್ಯೂಕಾಟಮಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಾಲಕೃಷ್ಣ ರಾವ್ ಬೆಂಗಳೂರಿನಲ್ಲಿ ಮಾಡಿದ ಈ ಶಸ್ತ್ರಚಿಕಿತ್ಸೆಗಳ ವರದಿ 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇವತ್ತು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವರನ್ನು ಕ್ರೂರಿಗಳು ಎಂದುಕೊಂಡರೆ ತಪ್ಪು. 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ಇಡೀ ದೇಶಕ್ಕೆ ಇದ್ದದ್ದು ಸುಮಾರು ಹತ್ತು ಸಾವಿರ ಹಾಸಿಗೆ, ನಲವತ್ತು ಸಾವಿರ ಜನಕ್ಕೆ ಒಂದು. ಬಾಗಿಲಿಗೆ ಬಂದವನು ಊಟ ಬಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೆ ಕೈಯಲ್ಲಿ ಏನೂ ಇಲ್ಲದ ವೈದ್ಯ ಏನು ಮಾಡಬೇಕು?

ಅಂಥ ಹೊತ್ತಿನಲ್ಲಿ ಬಂದ ಮೊದಲ ‘ಹುಚ್ಚಿನ ಮಾತ್ರೆ’ಗಳಲ್ಲಿ ಒಂದು ಎಲ್ಲಿಂದ ಬಂತು ಗೊತ್ತೇ? ನಮ್ಮ ಸರ್ಪಗಂಧಿಯ ಬೇರಿನಿಂದ. ನಮ್ಮ ನಾಟಿ ವೈದ್ಯರಿಗೆ ಅದು ಹೊಸದಲ್ಲ. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್, ಈ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲ್ ರಕ್ತದೊತ್ತಡದ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ಬೇರ್ಪಡಿಸಿತು. 1954ರಲ್ಲಿ ಅಮೆರಿಕದ ನೇಥನ್ ಕ್ಲೈನ್ ತನ್ನ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಕೊಟ್ಟ ಫಲಿತಾಂಶ ಪ್ರಕಟಿಸಿದ. ಅಷ್ಟರಲ್ಲಿ, 1952ರಲ್ಲೇ, ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಜಿನ್ ಪ್ರಯೋಗಿಸಿದ್ದರು. ಅದು ಕಾರ್ಖಾನೆಯ ಕೂಸು, ಇದು ಕಾಡಿನ ಕೂಸು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯದ್ದು ಗೆದ್ದಿತು. ಯಾಕೆಂದರೆ ಕಾಡಿನ ಕೂಸು ರಕ್ತದೊತ್ತಡ ಇಳಿಸುತ್ತಿತ್ತು, ಕೆಲವರನ್ನು ಮಂಕು ಕವಿದವರಂತೆ ಮಾಡುತ್ತಿತ್ತು.

ಹಾಗಾಗಿ ‘ಗಿಡ ಒಳ್ಳೆಯದು, ಮಾತ್ರೆ ಕೆಟ್ಟದ್ದು’ ಅನ್ನುವ ವಾದ ಇಲ್ಲೇ ಮುಗ್ಗರಿಸುತ್ತದೆ. ಮೊದಲ ಮಾತ್ರೆಗಳಲ್ಲೊಂದು ಗಿಡವೇ ಆಗಿತ್ತು, ಅದಕ್ಕೂ ಅಡ್ಡ ಪರಿಣಾಮ ಇತ್ತು.

ಈ ಮಂಕಿನಿಂದಲೇ ಇನ್ನೊಂದು ದೊಡ್ಡ ಕಥೆ ಹುಟ್ಟಿತು. ರಿಸರ್ಪಿನ್ ಮಿದುಳಿನ ಸೆರೊಟೋನಿನ್ ಮುಂತಾದ ರಾಸಾಯನಿಕಗಳನ್ನು ಬರಿದು ಮಾಡುತ್ತದೆ ಎಂದು 1950ರ ದಶಕದ ಮಧ್ಯದಲ್ಲಿ ತಿಳಿಯಿತು. ಬರಿದಾದರೆ ಮಂಕು, ಹಾಗಿದ್ದರೆ ಮಂಕಿಗೆ ಕಾರಣ ಬರಿದಾಗಿರುವುದೇ ಇರಬೇಕು! ಹೀಗೆ ‘ಮಿದುಳಿನ ರಾಸಾಯನಿಕ ಅಸಮತೋಲನ’ ಎಂಬ ಮಾತು ಬೆಳೆದು, ಕಡೆಗೆ ಜಾಹೀರಾತಿನ ತನಕ ಹೋಯಿತು. ನನಗೆ ಇದು ಮತ್ತೆ ಆ ಪೊಲೀಸಿನವನ ಕಾಲಂ ಅನ್ನಿಸುತ್ತದೆ. ‘ಗಾಂಜಾ’ ಇದ್ದ ಜಾಗದಲ್ಲಿ ‘ಸೆರೊಟೋನಿನ್’. 2022ರಲ್ಲಿ ಜೊವಾನಾ ಮಾಂಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಸೋಸಿ, ಸೆರೊಟೋನಿನ್ ಕಡಿಮೆಯಾದದ್ದರಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದರು. ದೊಡ್ಡ ಗದ್ದಲವಾಯಿತು. ಆದರೆ ಅವರು ತೂಗಿದ್ದು ಕಾರಣದ ಸಿದ್ಧಾಂತವನ್ನು, ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನಲ್ಲ. ಅದನ್ನು ತೂಗಿದ ಬೇರೆ ಅಧ್ಯಯನ ಇದೆ: 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, 522 ಪ್ರಯೋಗಗಳ ಮೊತ್ತ. 21 ಖಿನ್ನತೆಯ ಮಾತ್ರೆಗಳೂ ಸುಳ್ಳು ಮಾತ್ರೆಗಿಂತ ಮೇಲು, ಆದರೆ ಅಂತರ ಬಹಳ ದೊಡ್ಡದಲ್ಲ. ತಲೆನೋವಿಗೆ ಕಾರಣ ಆಸ್ಪಿರಿನ್ ಕೊರತೆ ಅಲ್ಲ. ಹಾಗಂತ ಆಸ್ಪಿರಿನ್ ತಲೆನೋವು ಇಳಿಸುವುದು ಸುಳ್ಳೂ ಅಲ್ಲ.

* * *

ಇನ್ನು ಮೂರನೆಯವನ ವಾದ. ಮಾನಸಿಕ ಕಾಯಿಲೆ ಅನ್ನುವುದೇ ಕಟ್ಟುಕಥೆ ಎಂದು ಅಮೆರಿಕದ ಥಾಮಸ್ ಸಾಸ್ 1961ರಲ್ಲಿ ಬರೆದ ಪುಸ್ತಕ ಈ ವಾದದ ತಾಯಿಬೇರು. ಆದರೆ ಈ ಪ್ರಶ್ನೆಯನ್ನು ನಮ್ಮವರೂ ಕೇಳಿದ್ದಾರೆ, ಅದೂ ಆಸ್ಪತ್ರೆಯ ಒಳಗಿನಿಂದಲೇ. 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಜತೆ ‘ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ’ ಶುರುವಾಯಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಗೋವಿಂದಸ್ವಾಮಿಯವರ ನಂತರ, 1960ರ ದಶಕದಲ್ಲಿ, ಸಂಸ್ಥೆಯ ಚುಕ್ಕಾಣಿ ಹಿಡಿದವರಲ್ಲಿ ಡಾ. ಎನ್.ಸಿ. ಸೂರ್ಯ ಒಬ್ಬರು. ಪಶ್ಚಿಮದ ಅಳತೆಗೋಲುಗಳನ್ನು ಇಲ್ಲಿನ ಮನಸ್ಸುಗಳಿಗೆ ಹಾಗೆಯೇ ಹಿಡಿಯುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಮುಂದೆ ಅವರು ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಹೋದರು.

ಬರೀ ಮಾತಾಡಿ ಬಿಡದೆ ಪರೀಕ್ಷೆಯನ್ನೂ ಮಾಡಿದರು ಅನ್ನುವುದು ನನಗೆ ಮೆಚ್ಚುಗೆ. ಸ್ಕಿಜೋಫ್ರೇನಿಯಾ ಇದ್ದವರಿಗೆ ಆಯುರ್ವೇದದ ಬ್ರಾಹ್ಮ್ಯಾದಿಯೋಗ, ತಗರ, ಇಂಗ್ಲಿಷ್ ಔಷಧದ ಕ್ಲೋರ್‌ಪ್ರೊಮಜಿನ್ ಮತ್ತು ಸುಳ್ಳು ಮಾತ್ರೆ, ಯಾರಿಗೆ ಯಾವುದೆಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ತಿಳಿಯದಂತೆ ಹಂಚಿ ನೋಡಿದ ಪ್ರಯೋಗದ ವರದಿ 1976ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಬಂದಿದೆ. 2007ರ ಕಾಕ್ರೇನ್ ವಿಮರ್ಶೆ ಇಂಥ ಪ್ರಯೋಗಗಳನ್ನು ಮತ್ತೆ ತೂಗಿ, ಆಯುರ್ವೇದದ ಪರವಾಗಿ ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ, ಇನ್ನೂ ಒಳ್ಳೆಯ ಪ್ರಯೋಗ ಬೇಕು ಎಂದಿತು. ಐವತ್ತು ವರ್ಷಗಳಿಂದ ‘ನಮ್ಮ ಆಯುರ್ವೇದದಲ್ಲಿ ಎಲ್ಲಾ ಇದೆ’ ಎಂದು ಹೇಳುತ್ತಾ ಬಂದವರು ಸಾವಿರ. ತೂಗಿ ನೋಡಿದವರು ಬೆರಳೆಣಿಕೆ.

ಇನ್ನೊಂದು ಕೋಟದ ಕಥೆ. ಶಿವರಾಮ ಕಾರಂತರ ಹುಟ್ಟೂರು ಅಂದರೆ ನಿಮಗೆಲ್ಲ ಗೊತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಡಾ. ಆರ್.ಎಲ್. ಕಪೂರ್ ಆ ಊರಿನ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಗೆ ಹೋಗಿ ಜನರ ಮನಸ್ಸಿನ ಆರೋಗ್ಯ ಅಧ್ಯಯನ ಮಾಡಿದರು. 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಬಂತು. ಅಲ್ಲಿ ಅವರಿಗೆ ಸಿಕ್ಕವರು ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು, ಜತೆಗೆ ಇಂಗ್ಲಿಷ್ ಔಷಧದ ಡಾಕ್ಟರು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುತ್ತಿರಲಿಲ್ಲ, ಇಬ್ಬರ ಹತ್ತಿರವೂ ಹೋಗುತ್ತಿದ್ದರು! ಸಿದ್ಧಾಂತದ ಜಗಳ ಪುಸ್ತಕದಲ್ಲಿ. ಮನೆಯಲ್ಲಿ ಒಬ್ಬರು ನರಳುತ್ತಿರುವಾಗ ಹರಕೆಯೂ ಇರಲಿ, ಇಂಜೆಕ್ಷನ್ನೂ ಇರಲಿ.

ಅಂದ ಹಾಗೆ ಇದೇ ಕಾರ್‌ಸ್ಟೇರ್ಸ್ 1954ರಲ್ಲಿ ‘ದಾರೂ ಮತ್ತು ಭಂಗ್’ ಎಂಬ ಪ್ರಬಂಧ ಬರೆದಿದ್ದರು. ರಾಜಸ್ಥಾನದ ಹಳ್ಳಿಯೊಂದರಲ್ಲಿ ರಜಪೂತರಿಗೆ ಹೆಂಡ ಪ್ರಿಯ, ಭಂಗಿ ಹೇಡಿಗಳ ಪಾನೀಯ. ಅಲ್ಲಿನ ಬ್ರಾಹ್ಮಣರಿಗೆ ಭಂಗಿ ಭಕ್ತಿಯ ದಾರಿ, ಹೆಂಡ ಅಸಹ್ಯ. ಯಾವ ಅಮಲು ‘ಹುಚ್ಚು’, ಯಾವುದು ‘ಗೌರವ’ ಎಂಬುದನ್ನು ಗಿಡ ನಿರ್ಧರಿಸುವುದಿಲ್ಲ, ಸಮಾಜ ನಿರ್ಧರಿಸುತ್ತದೆ ಅನ್ನುವುದು ಅದರ ಸಾರ. ಮೂರನೆಯವನ ವಾದದಲ್ಲಿ ಈ ಮಟ್ಟಿಗೆ ಸತ್ಯ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಒಪ್ಪಿಕೊಂಡಿದೆ ಕೂಡ. ಸಮುದಾಯದ ನೈತಿಕ, ಸಾಮಾಜಿಕ, ರಾಜಕೀಯ ಮೌಲ್ಯಗಳಿಗೆ ಹೊಂದಿಕೊಳ್ಳದಿರುವುದು ಮಾನಸಿಕ ಕಾಯಿಲೆ ಎನ್ನಲು ಆಧಾರವಾಗಕೂಡದು ಎಂದು ಅದರಲ್ಲೇ ಬರೆದಿದೆ. ಆದರೆ ಅದೇ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯ ಜತೆ ಬರುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ಅಂಥವನನ್ನು ಬಯ್ದು ಕಳಿಸುವುದಲ್ಲ, ಚಿಕಿತ್ಸೆ ಕೊಡಬೇಕು ಎಂದರ್ಥ.

* * *

ಇದೆಲ್ಲ ನನಗೆ ಬರೀ ಓದಿನ ಖುಷಿಯಾಗಿ ಉಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಹುಡುಗನೊಬ್ಬ, ಇಂಜಿನಿಯರಿಂಗ್ ಓದುತ್ತಿದ್ದವನು, ಯಾರೋ ತನ್ನ ಫೋನಿನ ಮೂಲಕ ತನ್ನ ಯೋಚನೆಗಳನ್ನು ಕದಿಯುತ್ತಿದ್ದಾರೆ ಎನ್ನತೊಡಗಿದ. ಹಾಸ್ಟೆಲಿನಲ್ಲಿ ದಿನಾ ಗಾಂಜಾ ಸೇದುತ್ತಿದ್ದ ಎಂಬುದು ಆಮೇಲೆ ಗೊತ್ತಾಯಿತು. ಅವರಪ್ಪ “ಗಾಂಜಾದಿಂದಲೇ ಆಗಿದ್ದು, ಬಿಟ್ಟರೆ ಸರಿಹೋಗ್ತಾನೆ” ಎಂದು ಕೂತರು. ಅವರ ಕಡೆಯ ಅಜ್ಜಿಯೊಬ್ಬರು ವರ್ಷಗಟ್ಟಲೆ ಕೋಣೆಯಲ್ಲೇ ಇದ್ದು ತೀರಿಕೊಂಡ ಕಥೆಯನ್ನು ಯಾರೂ ಬಾಯಿಬಿಡಲಿಲ್ಲ. ಮಾತ್ರೆ ಶುರುವಾಗಿ ಐದಾರು ತಿಂಗಳಿಗೆ ಹುಡುಗ ಚೇತರಿಸಿಕೊಂಡ, ದಪ್ಪಗಾದ, ಸದಾ ನಿದ್ದೆ. ಆಗ ಅವರಮ್ಮ ನನಗೆ ಫೋನ್ ಮಾಡಿ, “ನೀನು ಇಂಟರ್ನೆಟ್ಟಲ್ಲಿ ಎಲ್ಲಾ ನೋಡ್ತೀಯಲ್ಲಪ್ಪ, ಈ ಮಾತ್ರೆ ನಿಲ್ಲಿಸಿಬಿಡ್ಲಾ?” ಎಂದು ಕೇಳಿದರು. ಊಟದ ಮೇಜಿನ ವಾದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಇಲ್ಲಿ ಉತ್ತರಕ್ಕೆ ಬೆಲೆ ಇದೆ. “ನೀವಾಗಿ ನಿಲ್ಲಿಸಬೇಡಿ ಚಿಕ್ಕಮ್ಮ, ನಿದ್ದೆ ಜಾಸ್ತಿ ಅಂತ ಡಾಕ್ಟರಿಗೇ ಹೇಳಿ, ಅಜ್ಜಿಯ ವಿಷಯಾನೂ ಹೇಳಿ” ಎಂದೆ. ವೈದ್ಯರು ಮಾತ್ರೆ ಬದಲಿಸಿದರು, ಪ್ರಮಾಣ ಇಳಿಸಿದರು. ಅವನು ಓದು ಮುಗಿಸಿ ಈಗ ಕೆಲಸದಲ್ಲಿದ್ದಾನೆ. ಗಾಂಜಾ ಮುಟ್ಟುವುದಿಲ್ಲ. ಸಣ್ಣ ಮಾತ್ರೆ ಇನ್ನೂ ಇದೆ.

ಹಾಗಾದರೆ ಗಾಂಜಾದಿಂದ ಹುಚ್ಚು ಬಂತೋ, ಬರಲಿದ್ದ ಹುಚ್ಚು ಅವನನ್ನು ಗಾಂಜಾದ ಕಡೆ ತಳ್ಳಿತೋ? ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅನ್ನೋ ನಮ್ಮ ಗಾದೆ ಇದೆಯಲ್ಲ, ಅದೇ ಸುತ್ತು. 1987ರಲ್ಲಿ ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45,570 ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ ಬಂತು. ಹದಿನೆಂಟರ ಹೊತ್ತಿಗೆ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು ಹೆಚ್ಚು. 2019ರಲ್ಲಿ ಯುರೋಪ್ ಮತ್ತು ಬ್ರೆಜಿಲ್‌ನ ನಗರಗಳ ಅಧ್ಯಯನ: ದಿನಾ ಸೇದುವವರಲ್ಲಿ ಸೈಕೋಸಿಸ್ ಸಂಭವ ಸುಮಾರು ಮೂರು ಪಟ್ಟು, ಟಿಹೆಚ್‌ಸಿ ಹೆಚ್ಚಿರುವ ತಳಿಯನ್ನು ದಿನಾ ಸೇದಿದರೆ ಸುಮಾರು ಐದು ಪಟ್ಟು. ಇನ್ನೊಂದು ಕಡೆ, 2018ರ ಒಂದು ಜೀನ್ ಅಧ್ಯಯನದ ಪ್ರಕಾರ ಸ್ಕಿಜೋಫ್ರೇನಿಯಾದ ಕಡೆ ವಾಲುವ ಜೀನ್‌ಗಳೇ ಗಾಂಜಾದ ಕಡೆಗೂ ವಾಲಿಸುತ್ತವೆ. ಅಂದರೆ ಎರಡೂ ದಿಕ್ಕು. ‘ತೋರಿಸುತ್ತದೆ’ ಮತ್ತು ‘ಹೆಚ್ಚು ಮಾಡುತ್ತದೆ’. 1894ರ ವರದಿ ಕಂಪ್ಯೂಟರಿಲ್ಲದೆ ಹೇಳಿದ್ದ ಮಾತು! ಸೇದಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದು ನಿಜ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಮಾತ್ರೆಯ ಲೆಕ್ಕವೂ ಹೀಗೆ ಎರಡು ಅಲಗಿನದ್ದು. ಸ್ಕಿಜೋಫ್ರೇನಿಯಾದಲ್ಲಿ ಮಾತ್ರೆ ಮುಂದುವರಿಸಿದವರ ಪೈಕಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ. 27, ನಿಲ್ಲಿಸಿದವರಲ್ಲಿ ಶೇ. 64 ಎಂದು 2012ರ ಲ್ಯಾನ್ಸೆಟ್ ವಿಶ್ಲೇಷಣೆ ಹೇಳುತ್ತದೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಹುಡುಕಿ ಹಿಂಬಾಲಿಸಿದ್ದಾರೆ. ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಫಲಿತಾಂಶ: ಮಾತ್ರೆ ಸಿಗದೇ ಉಳಿದವರ ಅಸಾಮರ್ಥ್ಯ ವರ್ಷವಾದರೂ ಇದ್ದ ಹಾಗೇ ಇತ್ತು, ಮಾತ್ರೆ ಸಿಕ್ಕವರದು ಕಡಿಮೆಯಾಯಿತು. ತೋಟದ ಕೆಲಸ, ಮನೆಗೆಲಸ, ನಾಲ್ಕು ಜನರ ಜತೆ ಮಾತು... ಇಂಥವು ವಾಪಸು ಬರುವುದು ಎಂದರೆ ಸಣ್ಣ ವಿಷಯವಲ್ಲ. ಇನ್ನೊಂದು ಅಲಗು: 2013ರ ಡಚ್ ಅಧ್ಯಯನವೊಂದರಲ್ಲಿ ಮೊದಲ ಸಲ ಕಾಯಿಲೆ ಬಂದು ಚೇತರಿಸಿಕೊಂಡ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ಇಳಿಸುತ್ತಾ ಹೋದವರು ಏಳು ವರ್ಷಗಳ ನಂತರ ಬದುಕಿನಲ್ಲಿ ಹೆಚ್ಚು ಚೆನ್ನಾಗಿದ್ದರು. ಅದು ಚಿಕ್ಕ ಅಧ್ಯಯನ, ನೂರ ಮೂರು ಜನ. ಆದರೆ ‘ಜೀವನಪೂರ್ತಿ ಇಷ್ಟೇ ಮಾತ್ರೆ’ ಅನ್ನುವುದು ಕಲ್ಲಿನ ಮೇಲೆ ಬರೆದ ಶಾಸನ ಅಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಮಾತ್ರೆ ಇಳಿಸುವುದೂ ಒಂದು ಚಿಕಿತ್ಸೆ. ಅದನ್ನು ಮಾಡಬೇಕಾದವರು ವೈದ್ಯರು ಮತ್ತು ರೋಗಿ ಇಬ್ಬರೂ ಕೂತು. ನಾವು ಊಟದ ಮೇಜಿನಲ್ಲಲ್ಲ.

ಚಿಕಿತ್ಸೆ ಬೇಡ ಅನ್ನುವ ವಾದಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಮುಖ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮಾನಸಿಕ ರೋಗಿಗಳು ಸತ್ತರು. ಓಡಿಹೋಗಲು ಆಗಲಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಅದನ್ನೂ ನಡೆಸಿದ್ದು ನಿಮ್ಹಾನ್ಸ್, ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಬೇಕಾದವರ ಪೈಕಿ ಶೇ. 70ರಿಂದ 92 ಮಂದಿಗೆ ಅದು ಸಿಗುತ್ತಿಲ್ಲ ಎಂದಿತು. ಅಮೆರಿಕದಲ್ಲಿ ಕೂತು ‘ಎಲ್ಲರಿಗೂ ಅತಿಯಾಗಿ ಮಾತ್ರೆ ಕೊಡ್ತಾರೆ’ ಎಂದು ಬರೆದ ಪುಸ್ತಕವನ್ನು ಇಲ್ಲಿ ಕೂತು ಓದುವಾಗ ಈ ಅಂಕಿ ಪಕ್ಕದಲ್ಲಿರಲಿ. ಅಲ್ಲಿನ ಸಮಸ್ಯೆ ಅತಿ ಇರಬಹುದು. ಇಲ್ಲಿ ಹೆಚ್ಚಿನವರಿಗೆ ಮೊದಲ ಮಾತ್ರೆಯೇ ಸಿಕ್ಕಿಲ್ಲ.

ನನ್ನ ಮಟ್ಟಿಗೆ ಈ ಇತಿಹಾಸದಿಂದ ಉಳಿದದ್ದು ಇಷ್ಟು. ಪೊಲೀಸಿನವನು ‘ಗಾಂಜಾ’ ಎಂದು ಬರೆದ, ಔಷಧಿ ಕಂಪನಿ ‘ಸೆರೊಟೋನಿನ್’ ಎಂದು ಬರೆಯಿತು, ಸಾಸ್ ‘ಸಮಾಜ’ ಎಂದು ಬರೆದ, ಊರಿನವರು ‘ಗ್ರಹಚಾರ’ ಎಂದು ಬರೆದರು. ಎಲ್ಲರೂ ಒಂದೇ ಕಾಲಂನಲ್ಲಿ ಒಂದೇ ಪದ ಬರೆಯಲು ನೋಡಿದವರೇ. ಬರೆದಾದ ಮೇಲೆ ಆ ಮನುಷ್ಯನನ್ನು ಕೇಳುವುದು ನಿಂತುಹೋಗುತ್ತದೆ: ಎಷ್ಟು ಸೇದುತ್ತಿದ್ದ, ಯಾವ ವಯಸ್ಸಿನಿಂದ, ಮನೆಯಲ್ಲಿ ಯಾರಿಗಾದರೂ ಇತ್ತಾ, ನಿದ್ದೆ ಹೇಗಿದೆ, ಮಾತ್ರೆಯಿಂದ ಏನು ಸಿಕ್ಕಿತು, ಏನು ಹೋಯಿತು. ಗೊತ್ತಿಲ್ಲದಾಗ ‘ಗೊತ್ತಿಲ್ಲ’ ಎಂದು ಬರೆದು ಕಾಲಂ ತೆರೆದಿಡುವುದೇ ಪ್ರಾಮಾಣಿಕ.

ಕೊನೆಗೊಂದು ಉಪಯೋಗದ ಮಾತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಉಚಿತ ಸಹಾಯವಾಣಿಯ ಸಂಖ್ಯೆ 14416, ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇನ್ನು ನಿಮ್ಮನ್ನು ಒಂದು ಕೇಳಬೇಕಿತ್ತು. ನಿಮ್ಮ ನಿಮ್ಮ ಊರುಗಳಲ್ಲಿ ಈ ಸ್ಥಿತಿಗೆ ಏನೇನು ಹೆಸರಿದೆ? ಮಂಕು ಬಡಿದಿದೆ, ಗಾಳಿ ಸೋಕಿದೆ, ಮೈಮೇಲೆ ಬಂದಿದೆ, ತಲೆ ಕೆಟ್ಟಿದೆ... ಒಂದೊಂದು ಹೆಸರಿನ ಹಿಂದೂ ಒಂದು ‘ಕಾರಣ’ ಅಡಗಿ ಕೂತಿರುತ್ತದೆ. ನಿಮಗೆ ಗೊತ್ತಿರುವ ಪದಗಳನ್ನು ತಿಳಿಸಿ, ಅವುಗಳನ್ನೆಲ್ಲ ಸೇರಿಸಿ ಇನ್ನೊಂದು ಬರಹ ಬರೆಯುವ ಆಸೆ ಇದೆ.